ಹಾಸ್ಟೆಲ್‌ಗಳು ಬಾಗಿಲು ಹಾಕಿದಾಗ ಮನೆಯನ್ನೇ ಆಶ್ರಯ ಮಾಡಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ

ಕ್ಯಾನ್ಸರ್ ಚಿಕಿತ್ಸೆಗೆಂದು ಚೆನ್ನೈನ ಅಡ್ಯಾರಿಗೆ ಹೋಗಿಬರುವ ಕನ್ನಡಿಗರಿಗೆ ಅಲ್ಲಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಗೊತ್ತು. ಅದನ್ನು ಕಟ್ಟಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರನ್ನೂ ಕೇಳಿರಬಹುದು. ಆದರೆ ಅದಕ್ಕಿಂತ ಸುಮಾರು ಎರಡು ದಶಕ ಮೊದಲೇ ಅವರು ಇನ್ನೊಂದು ಸಂಸ್ಥೆ ಶುರು ಮಾಡಿದ್ದರು. ಅದರ ಹೆಸರು ಅವ್ವೈ ಹೋಂ. ತಪ್ಪಿಸಿಕೊಂಡು ಬಂದ ಹುಡುಗಿಯರನ್ನು ಯಾರೂ ಒಳಗೆ ಕರೆಯದಿದ್ದಾಗ ಹುಟ್ಟಿದ ಮನೆ ಅದು.

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ಪುದುಕೋಟ್ಟೈ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದವರು. ಹುಡುಗರ ಕಾಲೇಜಿಗೆ ಹುಡುಗಿ ಬರಬಾರದೆಂದು, ಅದರಲ್ಲೂ ಇಂಥ ತಾಯಿಯ ಮಗಳು ಬರಬಾರದೆಂದು ಊರಿನವರು ತಕರಾರು ತೆಗೆದರು. ರಾಜರು ಒಪ್ಪಿದ ಮೇಲಷ್ಟೇ ಸೀಟು ಸಿಕ್ಕಿತು. 1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿ 1912ರಲ್ಲಿ ವೈದ್ಯೆಯಾದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರೊಂದಿಗೆ ಮದುವೆ. 1927ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಉಪಾಧ್ಯಕ್ಷೆಯಾದರು. ಪರಿಷತ್ತಿಗೆ ಕಾಲಿಟ್ಟ ಮೊದಲ ಮಹಿಳೆಗೇ ಆ ಕುರ್ಚಿ ಸಿಕ್ಕಿತು.

ಆ ಕುರ್ಚಿಯಿಂದ ಅವರು ಎತ್ತಿಕೊಂಡದ್ದು ತಮ್ಮ ತಾಯಿಯ ಸಮುದಾಯದ ಹೆಣ್ಣುಮಕ್ಕಳ ಪ್ರಶ್ನೆಯನ್ನು. ನಮ್ಮ ಉತ್ತರ ಕರ್ನಾಟಕದಲ್ಲಿ ಮುತ್ತು ಕಟ್ಟುವುದು ಅನ್ನುತ್ತಾರಲ್ಲ, ತಮಿಳುನಾಡಿನಲ್ಲಿ ಅದು ಪೊಟ್ಟು ಕಟ್ಟುವುದು. ಏನೂ ಅರಿಯದ ವಯಸ್ಸಿನಲ್ಲಿ ದೇವರ ಹೆಸರಿನಲ್ಲಿ ತಾಳಿ. ಆಮೇಲೆ ಆ ಮಗುವಿನ ಬದುಕು ಯಾರ ಕೈಗೆ ಹೋಗುತ್ತದೆಂಬುದನ್ನು ಮನೆಯವರೇ ತೀರ್ಮಾನಿಸುತ್ತಿದ್ದರು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತ್ತು. ಮದ್ರಾಸಿನಲ್ಲಿ ಮಾತ್ರ ಪರಿಷತ್ತಿನ ಒಳಗೂ ಹೊರಗೂ ವಿರೋಧವಿತ್ತು. ಕಾಂಗ್ರೆಸ್ಸಿನ ದೊಡ್ಡ ಮಾತುಗಾರ ಸತ್ಯಮೂರ್ತಿ ಅವರೇ ಎದುರು ನಿಂತರು.

ವಿರೋಧಿಸಿದವರಲ್ಲಿ ಒಬ್ಬ ಕನ್ನಡತಿಯೂ ಇದ್ದರು. ನಂಜನಗೂಡಿನಲ್ಲಿ ಹುಟ್ಟಿ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ. ದೇವದಾಸಿಯರೆಲ್ಲರನ್ನೂ ವೇಶ್ಯೆಯರೆಂದು ಒಂದೇ ತಕ್ಕಡಿಯಲ್ಲಿ ತೂಗಬೇಡಿ, ನಮ್ಮ ಕಲೆ, ಆಸ್ತಿ, ಮರ್ಯಾದೆ ಎಲ್ಲಿ ಹೋಗಬೇಕು ಎಂಬುದು ಅವರ ಕಡೆಯವರ ವಾದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅವರನ್ನು ಕೇಳದೆಯೇ ಅವರಿಗಾಗಿ ಕಾನೂನು ಮಾಡುವ ಚಾಳಿ ಇವತ್ತಿಗೂ ಹೋಗಿಲ್ಲ. ಆದರೆ ಮುತ್ತುಲಕ್ಷ್ಮಿ ಅವರ ಕಣ್ಣು ಇದ್ದದ್ದು ಹಾಡಿ ಹೆಸರು ಮಾಡಿದವರ ಮೇಲಲ್ಲ, ಏಳೆಂಟು ವರ್ಷದ ಮಕ್ಕಳ ಮೇಲೆ. 1929ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ಅಂಶವಿತ್ತು. ದೇವಸ್ಥಾನದ ಸೇವೆಯಿಂದ ಬಿಡುಗಡೆಯಾದರೂ ಇನಾಂ ಜಮೀನು ಆ ಹೆಂಗಸರ ಹೆಸರಿನಲ್ಲೇ ಉಳಿಯುತ್ತಿತ್ತು. ಹೊಟ್ಟೆಪಾಡಿಗೆ ದಾರಿ ಮಾಡದೆ ಬಿಡುಗಡೆ ಮಾಡಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

1930ರಲ್ಲಿ ಗಾಂಧೀಜಿಯ ಬಂಧನವನ್ನು ಪ್ರತಿಭಟಿಸಿ ಅವರು ಪರಿಷತ್ತಿಗೆ ರಾಜೀನಾಮೆ ಕೊಟ್ಟರು. ಸುಮಾರು ಅದೇ ಹೊತ್ತಿಗೆ ದೇವದಾಸಿ ಕುಟುಂಬಗಳ ಕೆಲವು ಹುಡುಗಿಯರು ಆಶ್ರಯ ಕೇಳಿಕೊಂಡು ಅವರ ಮನೆಗೆ ಬಂದರು. ಊರಿನಲ್ಲಿ ಹಾಸ್ಟೆಲ್‌ಗಳಿದ್ದವು. ಅಲ್ಲಿ ಸೇರಿಸಲು ಹೋದರೆ ಹುಡುಗಿಯರ ಹುಟ್ಟಿನ ಕಾರಣ ಹೇಳಿ ಬಾಗಿಲು ಹಾಕಿದರು. ನಿನ್ನೆಯವರೆಗೆ ಸರ್ಕಾರದ ಪರಿಷತ್ತಿನಲ್ಲಿ ಕೂತಿದ್ದ, ಊರೆಲ್ಲ ಬಲ್ಲ ಡಾಕ್ಟರ್ ಹೇಳಿದರೂ ಸೇರಿಸಿಕೊಳ್ಳಲಿಲ್ಲ. ಯಾರ ದೆಸೆಯೂ ಇಲ್ಲದ ಹುಡುಗಿ ಒಬ್ಬಳೇ ಹೋಗಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ.

ಮನೆಗೆ ವಾಪಸ್ ಕಳಿಸುವುದು ಉಳಿದ ದಾರಿ. ಆದರೆ ಅವರು ಓಡಿಬಂದದ್ದೇ ಆ ಮನೆಯಿಂದ. ಮುತ್ತುಲಕ್ಷ್ಮಿ ಅವರು ತಮ್ಮ ಮನೆಯಲ್ಲೇ ಉಳಿಸಿಕೊಂಡರು. ತಮಿಳು ಕವಯಿತ್ರಿ ಅವ್ವೈಯಾರ್ ಹೆಸರಿಟ್ಟ ಆಶ್ರಮ ಹೀಗೆ ಶುರುವಾಯಿತು. ಜಾತಿ, ಅಪ್ಪನ ಹೆಸರು ಕೇಳದೆ ಸೇರಿಸಿಕೊಳ್ಳುವುದು ಅಲ್ಲಿನ ಪದ್ಧತಿಯಾಯಿತು. ಊಟ, ಹಾಸಿಗೆ ಕೊಟ್ಟು ಅಷ್ಟಕ್ಕೇ ಬಿಡಲಿಲ್ಲ, ಓದಿಸಿದರು, ಕೆಲಸ ಕಲಿಸಿದರು.

ಇಂದು ನಮ್ಮ ಪೊಲೀಸರ ಮುಂದೆ ಇರುವುದೂ ಇದೇ ಸಮಸ್ಯೆ. ಮುಂಬೈಯಲ್ಲೋ ಪುಣೆಯಲ್ಲೋ ದಾಳಿ ಮಾಡಿ ಹುಡುಗಿಯರನ್ನು ಹೊರತಂದರೆ ಮರುದಿನ ಸುದ್ದಿಯಾಗುತ್ತದೆ. ಅವರು ಆಮೇಲೆ ಎಲ್ಲಿ ಮಲಗಿದರು ಎಂಬುದು ಸುದ್ದಿಯಾಗುವುದಿಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಇದನ್ನು ಮರೆತಿಲ್ಲ. ಶೋಧಕ್ಕೆ ಹೋಗುವಾಗ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು. ಸಿಕ್ಕ ಹುಡುಗಿಯನ್ನು ಮಹಿಳಾ ಪೊಲೀಸರೇ ವಿಚಾರಿಸಬೇಕು, ಅವರಿಲ್ಲದಿದ್ದರೆ ಕಲ್ಯಾಣ ಸಂಸ್ಥೆಯ ಮಹಿಳೆಯ ಎದುರಿನಲ್ಲಿ ಮಾತ್ರ. ಅಪ್ಪ ಅಮ್ಮನ ಕೈಗೆ ಒಪ್ಪಿಸುವ ಮುಂಚೆ ಆ ಮನೆ ಯೋಗ್ಯವೇ ಎಂದು ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಿಸಬೇಕು. ಆದರೆ ಗಿರಾಕಿಯನ್ನು ಕರೆದಳೆಂದು ಹೆಂಗಸನ್ನೇ ಆರೋಪಿ ಮಾಡಬಲ್ಲ 8ನೇ ಕಲಮೂ ಅದೇ ಕಾಯ್ದೆಯಲ್ಲಿದೆ. ಬಲಿಪಶುವನ್ನು ಅಪರಾಧಿಯ ಸಾಲಿನಲ್ಲಿ ನಿಲ್ಲಿಸಿದರೆ ಅವಳು ಬಾಯಿ ಬಿಡುವುದಾದರೂ ಹೇಗೆ? ಇತ್ತ, ರಕ್ಷಣೆಯ ಹೆಸರಿನಲ್ಲಿ ವಯಸ್ಕ ಮಹಿಳೆಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಆಶ್ರಯಗೃಹಗಳಲ್ಲಿ ಕೂಡಿಹಾಕುವುದೂ ನಡೆದಿತ್ತು. ಅಂಥವರನ್ನು ಗುರುತಿಸಿ ಬಿಡುಗಡೆ ಮಾಡಬೇಕೆಂಬ ನಿರ್ದೇಶನ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಆಶ್ರಯ ಮತ್ತು ಜೈಲಿನ ನಡುವಿನ ಗೆರೆ ಎಷ್ಟು ತೆಳು ಅನ್ನುವುದಕ್ಕೆ ಇದೇ ಸಾಕು.

ಪೊಟ್ಟು ಕಟ್ಟುವುದನ್ನು ಪೂರ್ತಿ ನಿಷೇಧಿಸುವ ಕಾಯ್ದೆ ಮದ್ರಾಸಿನಲ್ಲಿ ಬಂದದ್ದು 1947ರಲ್ಲಿ, ಮುತ್ತುಲಕ್ಷ್ಮಿ ಅವರು ಪರಿಷತ್ತು ಬಿಟ್ಟು ಹದಿನೇಳು ವರ್ಷಗಳ ನಂತರ. ಕರ್ನಾಟಕದಲ್ಲಿ ಬಂದದ್ದು 1982ರ ಕಾಯ್ದೆ. ಕ್ಯಾನ್ಸರ್‌ನಿಂದ ತಂಗಿಯನ್ನು ಕಳೆದುಕೊಂಡ ನೋವು ಅವರನ್ನು ಬಿಟ್ಟಿರಲಿಲ್ಲ. ಅಡ್ಯಾರಿನ ಆಸ್ಪತ್ರೆ 1954ರಲ್ಲಿ ಆರಂಭವಾಯಿತು. 1956ರಲ್ಲಿ ಪದ್ಮಭೂಷಣ ಬಂತು. 1968ರ ಜುಲೈ 22ರಂದು, ಎಂಬತ್ತೆರಡು ತುಂಬಲು ಎಂಟು ದಿನ ಇರುವಾಗ, ಅವರು ತೀರಿಕೊಂಡರು. ಅವ್ವೈ ಹೋಂ ಅಡ್ಯಾರಿನಲ್ಲಿ ಈಗಲೂ ನಡೆಯುತ್ತಿದೆ.