ಕೇಳಿಸಿಕೊಂಡ ಬೋಧಕ ಉತ್ತಂಗಿ ಚನ್ನಪ್ಪ

ಹುಬ್ಬಳ್ಳಿ-ಧಾರವಾಡದ ಕ್ರೈಸ್ತರ ಕನ್ನಡ ಸೇವೆಯ ಮಾತು ಬಂದಾಗ ನಾವು ಮೊದಲು ನೆನೆಯುವುದು 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟೆಲ್ ಅವರನ್ನು. ಅದು ನ್ಯಾಯವೇ. ಆದರೆ ಇದೇ ನೆಲದಲ್ಲಿ ಹುಟ್ಟಿ, ಸಭಾಪಾಲಕರಾಗಿ ದುಡಿದು, ಆ ದುಡಿಮೆಯ ನಡುವೆಯೇ ಸರ್ವಜ್ಞನ ವಚನಗಳನ್ನು ಒಂದೆಡೆ ಸೇರಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಚನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ಬಾಸೆಲ್ ಮಿಶನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದಿತ್ತು. ಆ ಮಿಶನ್ನಿನ ಶಾಲೆಯಲ್ಲಿ ಕಲಿತ ಅವರು ಮಂಗಳೂರಿನಲ್ಲಿ ದೈವಶಾಸ್ತ್ರದ ಅಭ್ಯಾಸ ಮುಗಿಸಿ, ತಮ್ಮ ಸೀಮೆಗೆ ಮರಳಿ ಬೋಧಕರಾದರು.

ಅಂದಿನ ಬೋಧಕನ ವೃತ್ತಿಯೆಂದರೆ ಹಳ್ಳಿಯಿಂದ ಹಳ್ಳಿಗೆ ಅಲೆದಾಟ, ಸಂತೆ-ಜಾತ್ರೆಗಳಲ್ಲಿ ಉಪದೇಶ. ಹೇಳುವುದೇ ಕಸುಬಾದವನಿಗೆ ಕೇಳುವ ವ್ಯವಧಾನ ಇರುವುದು ಅಪರೂಪ. ಚನ್ನಪ್ಪನವರಲ್ಲಿ ಅದಿತ್ತು. ಜನರ ನಾಲಿಗೆಯ ಮೇಲಿದ್ದ, ಹಸ್ತಪ್ರತಿಗಳಲ್ಲಿ ಚದುರಿದ್ದ ತ್ರಿಪದಿಗಳನ್ನು ಅವರು ವರ್ಷಗಟ್ಟಲೆ ಕಲೆಹಾಕಿ ಪರಿಷ್ಕರಿಸಿದರು. ಸುಮಾರು 2,000 ವಚನಗಳ ಆ ಸಂಕಲನ 1924ರಲ್ಲಿ ಪ್ರಕಟವಾಯಿತು. ಸರ್ವಜ್ಞನ ಕುರಿತ ಮುಂದಿನ ಅಧ್ಯಯನಗಳಿಗೆ ಅದು ಅಡಿಪಾಯವಾಯಿತು.

ಇಂದು ಇಂಥ ಕಾರ್ಯವೆಂದರೆ ಯೋಜನಾ ವರದಿ, ಅನುದಾನ, ಸಮಿತಿ, ಪ್ರವಾಸ ಭತ್ಯೆಗಳಿಂದಲೇ ಆರಂಭವಾಗುತ್ತದೆ. ಸರ್ಕಾರಿ ಸೇವೆಯಲ್ಲಿದ್ದಾಗ ಇಂಥ ಕಡತಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. ಸಭೆಯ ಹೊಣೆ ಹೊತ್ತ ಪಾದ್ರಿಯೊಬ್ಬರು ತಮ್ಮ ವೃತ್ತಿಯ ಓಡಾಟದಲ್ಲೇ ಮಾಡಿದ ಈ ದುಡಿಮೆಗೆ ಅರ್ಥಶಾಸ್ತ್ರದ ಲೆಕ್ಕದಲ್ಲಿ ಬೆಲೆ ಕಟ್ಟುವುದು ಕಷ್ಟ.

ಆತಿಥ್ಯವೆಂದರೆ ಬಂದವರಿಗೆ ಊಟವಿಕ್ಕುವುದು ಮಾತ್ರವೇ? ಅನ್ಯರ ನಂಬಿಕೆಗೆ ಮನಸ್ಸಿನಲ್ಲಿ ಮಣೆ ಹಾಕುವುದೂ ಆತಿಥ್ಯವೇ. 1921ರಲ್ಲಿ ಚನ್ನಪ್ಪನವರು ಬರೆದ ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ವಿನಂತಿ ಎಂಬ ಪದವನ್ನು ಗಮನಿಸಬೇಕು. ಒಂದು ಧರ್ಮ ಇನ್ನೊಂದರ ಹೊಸ್ತಿಲಲ್ಲಿ ನಿಂತು ಗೌರವದಿಂದ ಮಾತಾಡುವ ರೀತಿಯದು. ಮುಂದೆ ಅನುಭವ ಮಂಟಪದ ಇರವನ್ನೇ ಕೆಲವರು ಪ್ರಶ್ನಿಸಿದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ 1951ರಲ್ಲಿ ಗ್ರಂಥ ರಚಿಸಿದವರೂ ಈ ಕ್ರೈಸ್ತ ಬೋಧಕರೇ. ಶರಣರನ್ನು ಅರಿಯಲು ಅವರು ಯೇಸುವನ್ನು ಬಿಡಬೇಕಾಗಲಿಲ್ಲ.

ನಾಡು ಅವರನ್ನು ಗುರುತಿಸದೆ ಇರಲಿಲ್ಲ. ನಿಜಾಮರ ಆಳ್ವಿಕೆ ಕೊನೆಗೊಂಡ ಮರುವರ್ಷ, 1949ರಲ್ಲಿ ಕಲಬುರಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ತಿರುಳ್ಗನ್ನಡದ ತಿರುಕ’ ಎಂಬ ಅಭಿಧಾನ ಅವರಿಗೆ ಸಂದಿತು. ಮನೆಮನೆಯ ಮುಂದೆ ನಿಂತು ನುಡಿಯನ್ನು ಬೇಡಿದವರಿಗೆ ಅದಕ್ಕಿಂತ ಒಪ್ಪುವ ಬಿರುದಿಲ್ಲ. 1962ರ ಆಗಸ್ಟ್ 28ರಂದು ಅವರು ನಿಧನರಾದರು.

ಮತಾಂತರದ ವಾದ-ವಿವಾದಗಳಲ್ಲಿ ನೆರೆಯವನ ಪ್ರತಿಯೊಂದು ಸೇವೆಯನ್ನೂ ಶಂಕಿಸುವ ಚಾಳಿ ಇಂದು ಬೆಳೆಯುತ್ತಿದೆ. ಶಾಲೆಯಲ್ಲಿ ಪಾಠ ಹೇಳುವ, ಆಸ್ಪತ್ರೆಯಲ್ಲಿ ರೋಗಿಯ ಬಳಿ ರಾತ್ರಿ ಕಳೆಯುವ, ಕ್ರಿಸ್‌ಮಸ್ ದಿನ ನೆರೆಮನೆಗೆ ಸಿಹಿ ಕಳಿಸುವ ಸಾಮಾನ್ಯ ಕ್ರೈಸ್ತರೂ ಅದರಿಂದ ನೋಯುತ್ತಾರೆ. ಚನ್ನಪ್ಪನವರ ಬದುಕಿನಲ್ಲಿ ಎರಡೂ ಕಡೆಯವರಿಗೆ ಪಾಠವಿದೆ. ಉಪದೇಶಿಸಲು ಹೋದವರು ಕೇಳಿಸಿಕೊಂಡರು. ಹಳ್ಳಿಯ ಜನರೂ ಪಾದ್ರಿಯೆಂದು ಬಾಗಿಲು ಹಾಕದೆ, ತಮ್ಮಲ್ಲಿದ್ದ ಸರ್ವಜ್ಞನನ್ನು ಅವರಿಗೆ ಕೊಟ್ಟರು. ಆ ಕೊಡು-ಕೊಳ್ಳುವಿಕೆಯ ಫಲವನ್ನು ಉಣ್ಣುತ್ತಿರುವವರು ಕನ್ನಡಿಗರಾದ ನಾವೆಲ್ಲರೂ.