ತೋಳದ ದನಿಯ ಹಿಂದಿದ್ದ ನಟ: ಅನಾತೊಲಿ ಪಪಾನೊವ್

ನಾಟಕದಲ್ಲಿ ರಾಜನ ಪಾತ್ರ ಒಬ್ಬರಿಗೇ ಸಿಗುತ್ತದೆ. ಉಳಿದವರು ಮಂತ್ರಿ, ಸೇವಕ, ಕಳ್ಳ, ಮುದುಕನ ವೇಷ ಹಾಕಬೇಕು. ಶಾಲಾ ವಾರ್ಷಿಕೋತ್ಸವದ ವೇದಿಕೆ ಹತ್ತಿದವರಿಗೆಲ್ಲ ಇದು ಗೊತ್ತು. ಇಂಥ ಪೋಷಕ ಪಾತ್ರಗಳಿಂದಲೇ ತಮ್ಮ ದೇಶದಲ್ಲಿ ಮನೆಮಾತಾದ ರಷ್ಯಾದ ನಟ ಅನಾತೊಲಿ ಪಪಾನೊವ್ ಅವರನ್ನು ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಪರಿಚಯಿಸಲು ಬಯಸುತ್ತೇನೆ.

ಪಪಾನೊವ್ ಹುಟ್ಟಿದ್ದು 1922ರ ಅಕ್ಟೋಬರ್ 31ರಂದು, ವ್ಯಾಜ್ಮಾ ಎಂಬ ಊರಿನಲ್ಲಿ. ಮುಂದೆ ಕುಟುಂಬ ಮಾಸ್ಕೋಗೆ ಬಂತು. ಶಾಲೆ ಮುಗಿಸಿದ ಮೇಲೆ ಅವರು ಬಾಲ್ ಬೇರಿಂಗ್ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಕೆಲಸಕ್ಕೆ ಸೇರಿದರು. ದುಡಿಮೆಯ ಜೊತೆಗೆ ಹವ್ಯಾಸಿ ತಂಡದಲ್ಲಿ ನಾಟಕ ಕಲಿತರು. 1941ರಲ್ಲಿ ಹಿಟ್ಲರನ ಸೈನ್ಯ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದಾಗ ಯುದ್ಧಕ್ಕೆ ಹೋದರು. ಮರುವರ್ಷ ಖಾರ್ಕೊವ್ ಬಳಿ ಕಾಲಿಗೆ ತೀವ್ರ ಗಾಯವಾಗಿ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಅವರನ್ನು ಅಂಗವಿಕಲರೆಂದು ಸೇನೆಯಿಂದ ಬಿಡುಗಡೆ ಮಾಡಿದರು.

ಕೋಲೂರಿಕೊಂಡೇ ಅವರು ಮಾಸ್ಕೋದ ಪ್ರಸಿದ್ಧ ನಾಟಕ ಸಂಸ್ಥೆ ಗಿಟಿಸ್‌ಗೆ ಪ್ರವೇಶ ಕೇಳಿದರು. ಕುಣಿತ, ಅಂಗಸಾಧನೆಯ ತರಗತಿಗಳಲ್ಲಿ ನೋವು ನುಂಗಿ ಅಭ್ಯಾಸ ಮಾಡಿ ಕೊನೆಗೆ ಕೋಲನ್ನು ಬಿಟ್ಟರು. ಹಲ್ಲಿನ ಜೋಡಣೆಯ ದೋಷದಿಂದ ಉಚ್ಚಾರಣೆಯೂ ಸರಿಯಿರಲಿಲ್ಲ. ಅದನ್ನೂ ಶ್ರಮಪಟ್ಟು ತಿದ್ದಿಕೊಂಡರು. ಯುದ್ಧಕಾಲದಲ್ಲಿ ಆಸ್ಪತ್ರೆ ರೈಲಿನಲ್ಲಿ ಗಾಯಾಳುಗಳ ಸೇವೆ ಮಾಡಿದ್ದ ಸಹಪಾಠಿ ನದೆಜ್ದಾ ಕರತಾಯೆವಾ ಅವರನ್ನು 1945ರಲ್ಲಿ ಮದುವೆಯಾದರು.

1948ರಲ್ಲಿ ಮಾಸ್ಕೋದ ಸಟಾಯರ್ ಥಿಯೇಟರ್ ಸೇರಿದರು. ಅಲ್ಲಿ ಬಹಳ ವರ್ಷ ಸಿಕ್ಕಿದ್ದು ಸಣ್ಣಪುಟ್ಟ ಪಾತ್ರಗಳು. ಆದರೂ ರಂಗಮಂದಿರ ಬಿಡಲಿಲ್ಲ. ಸಾಯುವವರೆಗೂ ಅಲ್ಲೇ ಇದ್ದರು. ಸಿನಿಮಾದ ದೊಡ್ಡ ಅವಕಾಶ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಸಿಮೊನೊವ್ ಅವರ ಕಾದಂಬರಿ ಆಧರಿಸಿದ 'ಬದುಕಿರುವವರು ಮತ್ತು ಸತ್ತವರು' (1964) ಚಿತ್ರದಲ್ಲಿ ಅವರದು ಸೆರ್ಪಿಲಿನ್ ಎಂಬ ಸೇನಾಧಿಕಾರಿಯ ಪಾತ್ರ. ಅನ್ಯಾಯವಾಗಿ ಸೆರೆಮನೆ ಕಂಡು ಬಂದರೂ ದೇಶಕ್ಕಾಗಿ ಹೋರಾಡುವ ಆ ಅಧಿಕಾರಿಯನ್ನು, ಯುದ್ಧ ಕಂಡಿದ್ದ ಪಪಾನೊವ್ ಮಾತಿಗಿಂತ ಮೌನದಿಂದಲೇ ಕಟ್ಟಿಕೊಟ್ಟರು.

ಆದರೆ ಜನಕ್ಕೆ ಬೇಕಾಗಿದ್ದು ನಗಿಸುವ ಪಪಾನೊವ್. ಗೈದಾಯ್ ನಿರ್ದೇಶನದ 'ವಜ್ರದ ಕೈ' ಚಿತ್ರದ ಕಳ್ಳಸಾಗಣೆಗಾರನಾಗಿ ಅವರು ನಗೆಯ ಹೊಳೆ ಹರಿಸಿದರು. 1969ರಲ್ಲಿ ಶುರುವಾದ 'ನು, ಪಗದಿ!' ಎಂಬ ಕಾರ್ಟೂನ್ ಸರಣಿಯಲ್ಲಿ, ಮೊಲವನ್ನು ಅಟ್ಟಿಸಿಕೊಂಡು ಹೋಗಿ ಪ್ರತಿ ಸಲವೂ ಸೋಲುವ ತೋಳಕ್ಕೆ ದನಿ ಕೊಟ್ಟರು. ಒಮ್ಮೆ ತಿದ್ದಿಕೊಳ್ಳಬೇಕಾಗಿದ್ದ ಆ ಗೊಗ್ಗರು ದನಿಯನ್ನು ದೇಶದ ಮಕ್ಕಳೆಲ್ಲ ಅನುಕರಿಸಿದರು. ಬೀದಿಯಲ್ಲಿ ಕಂಡರೆ ಮಕ್ಕಳು ತೋಳ ಬಂತೆಂದು ಕೂಗುತ್ತಿದ್ದರು. ಉಳಿದ ದುಡಿಮೆಯನ್ನೆಲ್ಲ ಮರೆಸಿದ ಈ ಖ್ಯಾತಿ ಅವರಿಗೆ ಬೇಸರವನ್ನೂ ತಂದಿತ್ತು.

ಬೇಸರವಾಯಿತೆಂದು ಕೆಲಸದಲ್ಲಿ ಉದಾಸೀನ ಮಾಡಲಿಲ್ಲ. ಯುದ್ಧಕಾಲದ ಗೆಳೆಯರು ಸಂಗಾತಿಯೊಬ್ಬನ ಅಂತ್ಯಕ್ರಿಯೆಯಲ್ಲಿ ಮತ್ತೆ ಸೇರುವ 'ಬೆಲರೂಸ್ಕಿ ನಿಲ್ದಾಣ' ಚಿತ್ರದಲ್ಲಿ ಸಾಧಾರಣ ಲೆಕ್ಕಿಗನಾಗಿ ನಟಿಸಿದರು. 1973ರಲ್ಲಿ ಸೋವಿಯತ್ ಒಕ್ಕೂಟದ ಜನತಾ ಕಲಾವಿದ ಎಂಬ ಗೌರವ ಸಂದಿತು.

ಕೊನೆಯ ಚಿತ್ರ 'ಐವತ್ಮೂರರ ತಣ್ಣನೆಯ ಬೇಸಿಗೆ'. ಸ್ಟಾಲಿನ್ ಕಾಲದಲ್ಲಿ ದೂರದ ಹಳ್ಳಿಗೆ ಗಡಿಪಾರಾದ ವೃದ್ಧ ಎಂಜಿನಿಯರನ ಪಾತ್ರ ಅದು. ನಗುವಿನ ಸುಳಿವೇ ಇಲ್ಲದ ಆ ಪಾತ್ರದ ಚಿತ್ರೀಕರಣ ಮುಗಿಸಿ ಮಾಸ್ಕೋಗೆ ಮರಳಿದ ಪಪಾನೊವ್, 1987ರ ಆಗಸ್ಟ್ 5ರಂದು ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಚಿತ್ರ ಪೂರ್ಣಗೊಳಿಸಲು ಅವರ ಪಾತ್ರಕ್ಕೆ ಬೇರೊಬ್ಬ ನಟ ದನಿ ಕೊಡಬೇಕಾಯಿತು. ದನಿಯಿಂದಲೇ ಹೆಸರಾದವರ ಕೊನೆಯ ಪಾತ್ರದಲ್ಲಿ ಅವರ ದನಿಯೇ ಇರಲಿಲ್ಲ. ಆದರೂ ಮುಖ, ಕಣ್ಣು, ನಡಿಗೆಗಳು ಮಾತಾಡಿದವು. ಮರಣಾನಂತರ ರಾಜ್ಯ ಪ್ರಶಸ್ತಿ ಬಂತು. 2480ನೇ ಕ್ಷುದ್ರಗ್ರಹಕ್ಕೂ ಅವರ ಹೆಸರಿದೆ.

ನಮ್ಮ ಶಾಲೆಯ ಮಕ್ಕಳಿಗೆ ನಾನು ಹೇಳುವುದಿಷ್ಟೇ. ಜನ ನಮ್ಮನ್ನು ಯಾವುದಕ್ಕಾಗಿ ನೆನಪಿಡುತ್ತಾರೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಸಿಕ್ಕ ಪಾತ್ರ ತೋಳದ್ದಾಗಲಿ, ಲೆಕ್ಕಿಗನದ್ದಾಗಲಿ, ಅದನ್ನು ಮನಸ್ಸಿಟ್ಟು ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಪಪಾನೊವ್ ಕೊನೆಯ ದಿನದವರೆಗೂ ಅದನ್ನೇ ಮಾಡಿದರು.