ಖಾಲಿ ತೊಟ್ಟಿಯ ತೂಕ ಎಣಿಸಿದ ಮೇಷ್ಟ್ರು

ರಾಕೆಟ್ ಮೇಲೇರುವಾಗ ನಮ್ಮೆಲ್ಲರ ಕಣ್ಣು ಅದರ ಬಾಲದ ಬೆಂಕಿಯ ಮೇಲಿರುತ್ತದೆ. ಇಂಧನ ತುಂಬಿದ ತೊಟ್ಟಿಯನ್ನು ಗಮನಿಸುವವರು ವಿರಳ. ಆದರೆ ಪಯಣದ ಗತಿಯನ್ನು ನಿರ್ಧರಿಸುವಲ್ಲಿ ಆ ತೊಟ್ಟಿಯ ತೂಕಕ್ಕೂ ದೊಡ್ಡ ಪಾಲಿದೆ. ಈ ಕಠೋರ ಲೆಕ್ಕವನ್ನು ಜಗತ್ತಿನ ಮುಂದಿಟ್ಟವರು ರಷ್ಯದ ಶಾಲಾ ಶಿಕ್ಷಕ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ. ಅವರನ್ನು ಬಾಹ್ಯಾಕಾಶದ ಕನಸುಗಾರನೆಂದು ಹೊಗಳುವುದು ವಾಡಿಕೆ. ನನ್ನ ಮಟ್ಟಿಗೆ ಅವರು ಕನಸಿಗೆ ಲೆಕ್ಕಪತ್ರ ಬರೆದವರು.

1857ರಲ್ಲಿ ಇಝೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು ಹತ್ತನೆಯ ವಯಸ್ಸಿನ ಸುಮಾರಿಗೆ ಸ್ಕಾರ್ಲೆಟ್ ಜ್ವರಕ್ಕೆ ತುತ್ತಾಗಿ ಶ್ರವಣಶಕ್ತಿಯನ್ನು ಬಹುಪಾಲು ಕಳೆದುಕೊಂಡರು. ಕೆಲವೇ ವರ್ಷಗಳಲ್ಲಿ ತಾಯಿ ತೀರಿಕೊಂಡರು, ಶಾಲೆಯೂ ಕೈತಪ್ಪಿತು. ಹದಿನಾರರಲ್ಲಿ ಮಾಸ್ಕೋಗೆ ಹೋಗಿ, ಮೂರು ವರ್ಷ ಅರೆಹೊಟ್ಟೆಯಲ್ಲಿ ಗ್ರಂಥಾಲಯದಲ್ಲಿ ಕುಳಿತು ಗಣಿತ, ಭೌತಶಾಸ್ತ್ರಗಳನ್ನು ತಾವೇ ಕಲಿತರು. ಬಳಿಕ ಶಿಕ್ಷಕರ ಪರೀಕ್ಷೆ ಮುಗಿಸಿ ಬೊರೊವ್‌ಸ್ಕ್‌ನಲ್ಲಿಯೂ 1892ರಿಂದ ಕಲುಗಾ ಪಟ್ಟಣದಲ್ಲಿಯೂ ಪಾಠ ಹೇಳಿದರು.

ದಶಕಗಳ ಕಾಲ ಅವರನ್ನು ಕಾಡಿದ್ದು ತೆಳು ಲೋಹದ ಹಾಳೆಯ ವಾಯುನೌಕೆ. ಅದಕ್ಕೆ ನೆರವು ಕೇಳಿದಾಗ ತಜ್ಞರು ನಿರಾಕರಿಸಿದರು. ವಾಯುಪ್ರತಿರೋಧದ ಪ್ರಯೋಗಗಳಿಗೆಂದು ವಿಜ್ಞಾನ ಅಕಾಡೆಮಿ ಕೊಟ್ಟದ್ದು 470 ರೂಬಲ್. ಆ ನೌಕೆ ಎಂದೂ ಹಾರಲಿಲ್ಲ. ಆದರೆ ಲೋಹದ ಕವಚ ಎಷ್ಟು ಹಗುರವಾಗಬಲ್ಲದು ಎಂಬ ಆ ದೀರ್ಘ ಚಿಂತನೆಯೇ ಅವರನ್ನು ರಾಕೆಟ್ಟಿನ ಲೆಕ್ಕಕ್ಕೆ ಅಣಿಗೊಳಿಸಿತೆಂದು ನನಗನ್ನಿಸುತ್ತದೆ.

1902ರಲ್ಲಿ ಮಗ ಇಗ್ನಾತಿ ಆತ್ಮಹತ್ಯೆ ಮಾಡಿಕೊಂಡ. ಮರುವರ್ಷ ತಂದೆಯ ಪ್ರಸಿದ್ಧ ಪ್ರಬಂಧ ಅಚ್ಚಾಯಿತು. ಅದರ ತಿರುಳು ಸರಳ: ರಾಕೆಟ್ಟಿನ ಅಂತಿಮ ವೇಗ ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಅನಿಲ ಹೊರಚಿಮ್ಮುವ ವೇಗ. ಇನ್ನೊಂದು, ಇಂಧನ ತುಂಬಿದಾಗಿನ ತೂಕಕ್ಕೂ ಮುಗಿದಾಗಿನ ತೂಕಕ್ಕೂ ಇರುವ ಅನುಪಾತ. ದ್ರವ ಜಲಜನಕ ಮತ್ತು ಆಮ್ಲಜನಕಗಳನ್ನು ಬಳಸಬಹುದೆಂದೂ ಅವರು ಆಗಲೇ ಸೂಚಿಸಿದ್ದರು. ಆ ಉತ್ತಮ ಇಂಧನದಿಂದಲೂ ಒಂದೇ ಹಂತದಲ್ಲಿ ಕಕ್ಷೆ ಸೇರಬೇಕಾದರೆ, ನೆಲ ಬಿಡುವಾಗಿನ ಪ್ರತಿ 100 ಕಿಲೋದಲ್ಲಿ ಕೊನೆಗೆ ಉಳಿಯುವುದು ಸುಮಾರು 12 ಕಿಲೋ. ತೊಟ್ಟಿ, ಎಂಜಿನ್, ಸರಕು ಎಲ್ಲವೂ ಅಷ್ಟರಲ್ಲೇ ಅಡಗಬೇಕು. ಖಾಲಿಯಾದ ಭಾಗಗಳನ್ನು ದಾರಿಯಲ್ಲೇ ಕಳಚುತ್ತ ಸಾಗುವ ಬಹುಹಂತದ ರಾಕೆಟ್ಟುಗಳ ಲೆಕ್ಕವನ್ನು ಅವರು 1929ರಲ್ಲಿ ಪ್ರಕಟಿಸಿದರು.

ಕಳಚುವುದು ಒಂದು ದಾರಿಯಾದರೆ, ತೊಟ್ಟಿಯನ್ನೇ ಹಗುರಗೊಳಿಸುವುದು ಇನ್ನೊಂದು. ಅಮೆರಿಕದ ಸ್ಪೇಸ್ ಷಟಲ್‌ನ ದೊಡ್ಡ ತೊಟ್ಟಿ ಅವರು ಸೂಚಿಸಿದ್ದ ಅದೇ ಎರಡು ದ್ರವಗಳನ್ನು ಹೊತ್ತು ಬಹುತೇಕ ಕಕ್ಷೆಯವರೆಗೂ ಜೊತೆಗಿರುತ್ತಿತ್ತು. ಹೀಗಾಗಿ ಅದರಲ್ಲಿ ಉಳಿಸಿದ ಪ್ರತಿ ಕಿಲೋ ಹೆಚ್ಚುಕಡಿಮೆ ಒಂದು ಕಿಲೋ ಸರಕಿಗೆ ಸಮ. ಮೊದಲ ಎರಡು ಹಾರಾಟಗಳ ನಂತರ ತೊಟ್ಟಿಗೆ ಬಿಳಿ ಬಣ್ಣ ಬಳಿಯುವುದನ್ನೇ ಕೈಬಿಟ್ಟು ಸುಮಾರು 270 ಕಿಲೋ ಉಳಿಸಿದರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯೋಜನೆಗೆ ರಷ್ಯ ಸೇರಿದಾಗ, ಅಲ್ಲಿನ ರಾಕೆಟ್ಟುಗಳಿಗೂ ಎಟುಕುವಂತೆ ಕಕ್ಷೆಯನ್ನು ಹೆಚ್ಚು ಓರೆಯಾಗಿ ಆರಿಸಬೇಕಾಯಿತು. ಷಟಲ್ ಹೊರಬಲ್ಲ ಭಾರ ತಗ್ಗಿತು. ಆಗ ನೆರವಿಗೆ ಬಂದದ್ದು ಲಿಥಿಯಂ. ಶೇ 1ರಷ್ಟು ಲಿಥಿಯಂ ಬೆರೆತರೆ ಅಲ್ಯೂಮಿನಿಯಂನ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ, ಬಿಗಿತ ಸುಮಾರು ಶೇ 6ರಷ್ಟು ಏರುತ್ತದೆ. ಬೆಸುಗೆಗೆ ಸುಲಭವಾಗಿ ಒಗ್ಗದ ಈ ಮಿಶ್ರಲೋಹವನ್ನು ಪಳಗಿಸಿ, ವಿನ್ಯಾಸವನ್ನೂ ತಿದ್ದಿ ಕಟ್ಟಿದ ತೊಟ್ಟಿ 1998ರ ಜೂನ್‌ನಲ್ಲಿ ಹಾರಿತು. ಉಳಿದದ್ದು ಸುಮಾರು 3,400 ಕಿಲೋ.

ತ್ಸಿಯೋಲ್ಕೋವ್‌ಸ್ಕಿ ಅವರಿಗೆ ಸೋವಿಯತ್ ಸರ್ಕಾರ ಜೀವಮಾನದ ಪಿಂಚಣಿ ನೀಡಿದ್ದು 1921ರಲ್ಲಿ, ಅವರ 64ನೆಯ ವಯಸ್ಸಿನಲ್ಲಿ. 1935ರ ಸೆಪ್ಟೆಂಬರ್ 19ರಂದು ಅವರು ಕಲುಗಾದಲ್ಲಿ ನಿಧನರಾದರು. ಒಂದು ರಾಕೆಟ್ಟನ್ನೂ ಅವರು ಕಟ್ಟಲಿಲ್ಲ.

ಇಂದು ಇಸ್ರೊ ರಾಕೆಟ್ಟುಗಳ ಇಂಧನ ತೊಟ್ಟಿಗಳು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ರೂಪುಗೊಳ್ಳುತ್ತವೆ. ಉಡಾವಣೆಯ ದಿನ ನಾವು ಚಪ್ಪಾಳೆ ತಟ್ಟುತ್ತೇವೆ. ಲೋಹವನ್ನು ಕೂದಲೆಳೆಯಷ್ಟು ತೆಳುಗೊಳಿಸಲು ವರ್ಷಗಟ್ಟಲೆ ದುಡಿಯುವವರ ಹೆಸರು ಕೇಳುವುದಿಲ್ಲ. ಫಲ ಕಾಣದ ಲೆಕ್ಕಕ್ಕೂ ಅದರ ಜೀವಿತಕಾಲದಲ್ಲೇ ಅನ್ನ, ಮನ್ನಣೆ ದೊರೆಯಬೇಕು. ಕಲುಗಾದ ಕಿವುಡು ಮೇಷ್ಟ್ರಿಗೆ ನಾವು ತೀರಿಸಬಹುದಾದ ಋಣ ಅದು.